ಫೈಲಭಾವ ಪ್ರಕರಣ

ಅನುಬಂಧ

ಯಾವ ಶಾಸ್ತ್ರವಾದರೂ ಬಾಗಿಲಲ್ಲೇ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳಿ ಒಳಗೆ ಹೋಗಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯವೇನು? ಲಿನಕ್ಸ್ ಗಣಕದಲ್ಲಿ ಪ್ಯಾಕೇಜುಗಳನ್ನು ಅಪ್‌ಡೇಟ್ ಮಾಡುವಾಗ ಪರದೆಯ ಮೇಲೆ ಸರಸರನೆ ಸರಿದುಹೋಗುವ, ‘ಇಂಥ ಫೈಲು ಇಲ್ಲ’ ಎಂಬ ಎಚ್ಚರಿಕೆಗಳು. ಪ್ರಯೋಜನವೇನು? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬ ವಿವೇಕ. ಅಧಿಕಾರಿ ಯಾರು? ಸುಡೋ ಪಾಸ್‌ವರ್ಡ್ ಬಲ್ಲ, ಆದರೆ ಅದನ್ನು ಒತ್ತುವ ಮುಂಚೆ ಒಂದು ಸಾಲು ಓದುವ ತಾಳ್ಮೆಯೂ ಉಳ್ಳ ಗೃಹಸ್ಥರು. ‘ವೈ’ ಎಂಬ ಸಮ್ಮತಿಯನ್ನು ಆಜ್ಞೆಯಲ್ಲೇ ಸೇರಿಸಿ ಕಾಫಿಗೆ ಎದ್ದುಹೋಗುವವರಿಗೆ ಎಚ್ಚರಿಕೆ ಕಾಣುವುದಿಲ್ಲ, ಕಾಣದವರಿಗೆ ಸಂಶಯವಿಲ್ಲ, ಸಂಶಯವಿಲ್ಲದವರಿಗೆ ಶಾಸ್ತ್ರವಿಲ್ಲ. ಸಂಬಂಧವೇನು? ಪ್ರತಿಪಾದ್ಯ ಪ್ರತಿಪಾದಕ ಭಾವ; ಅಂದರೆ ಶಾಸ್ತ್ರ ಹೇಳುತ್ತದೆ, ಗಣಕ ತನಗೆ ತೋಚಿದ್ದನ್ನು ಮಾಡುತ್ತದೆ.

ಇಲ್ಲದ್ದರ ಮೇಲೂ ಒಂದು ಶಾಸ್ತ್ರವೇ ಎಂದು ನಗುವವರು ಪದಾರ್ಥಗಳ ಎಣಿಕೆಯನ್ನು ನೆನೆಯಬೇಕು. ವೈಶೇಷಿಕರು ಮೊದಲು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರನ್ನು ಎಣಿಸಿದರು. ಆಮೇಲಿನವರು ಅಭಾವವನ್ನು ಏಳನೆಯದಾಗಿ ಪಂಕ್ತಿಯಲ್ಲಿ ಕೂರಿಸಿದರು. ಶಿವಾದಿತ್ಯನ ಸಪ್ತಪದಾರ್ಥೀ ಆ ಏಳನ್ನು ಹೆಸರಿನಲ್ಲೇ ಸಾರುತ್ತದೆ. ಅಪ್‌ಡೇಟ್ ಓಡಿಸಿ ನೋಡಿದವರಿಗೆ ಈ ಏಳನೆಯದನ್ನು ಒಪ್ಪಲು ಕಷ್ಟವಿಲ್ಲ. ಡಿಸ್ಕಿನಲ್ಲಿರುವ ಲಕ್ಷಾಂತರ ಫೈಲುಗಳು ತುಟಿ ಬಿಚ್ಚುವುದಿಲ್ಲ. ಮಾತೆಲ್ಲ ಇಲ್ಲದ ಫೈಲಿನದೇ.

ಸಂಪ್ರದಾಯ

ಈ ಶಾಸ್ತ್ರದಲ್ಲೂ ಮೂರು ಮತಗಳು. ಇಯಾನ್ ಮರ್ಡಾಕ್ 1993ರಲ್ಲಿ ಡೆಬಿಯನ್ ಆರಂಭಿಸಿದರು. ಮರುವರ್ಷ ಅದರ ಡಿಪಿಕೆಜಿ ಹುಟ್ಟಿತು. ಅದರ ಮೇಲೆ ಕೂತು ಯಜಮಾನಿಕೆ ನಡೆಸುವ ಆಪ್ಟ್ 1999ರ ಡೆಬಿಯನ್ 2.1ರಲ್ಲಿ ಬಂತು. ಉಬುಂಟು ಇದೇ ಮತದ ಶಾಖೆ. ರೆಡ್ ಹ್ಯಾಟಿನ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ ಬರೆದ ಆರ್‌ಪಿಎಂ 1995ರದು. ಫೆಡೋರಾ ಅದನ್ನು ಅನುಸರಿಸುತ್ತದೆ. ಜಡ್ ವಿನೆಟ್ 2002ರಲ್ಲಿ ಆರ್ಚ್ ಲಿನಕ್ಸ್ ಜೊತೆಗೆ ಪ್ಯಾಕ್‌ಮನ್ ತಂದರು. ಆಚಾರದಲ್ಲಿ ಮೂವರಿಗೂ ಜಗಳವಿದೆ, ಆದರೆ ಮೂಲತತ್ತ್ವ ಒಂದೇ: ಯಾವ ಪ್ಯಾಕೇಜು ಯಾವ ಫೈಲನ್ನು ಎಲ್ಲಿ ಇಟ್ಟಿತೆಂದು ಒಂದು ದಫ್ತರ ಇಡಬೇಕು.

ಡೆಬಿಯನ್ನರ ದಫ್ತರ ‘/ವಾರ್/ಲಿಬ್/ಡಿಪಿಕೆಜಿ’ ಎಂಬಲ್ಲಿ ಸಾದಾ ಅಕ್ಷರಗಳಲ್ಲಿದೆ, ಯಾರು ಬೇಕಾದರೂ ಓದಬಹುದು. ಆರ್‌ಪಿಎಂನವರದು ಡೇಟಾಬೇಸ್, ಮೊದಲು ಬರ್ಕ್‌ಲಿ ಡಿಬಿಯಲ್ಲಿ ಇದ್ದದ್ದು ಫೆಡೋರಾ 33ರಿಂದ, ಅಂದರೆ 2020ರಿಂದ, ಎಸ್‌ಕ್ಯೂಲೈಟಿಗೆ ಬಂತು. ಪ್ಯಾಕ್‌ಮನ್‌ನದು ಪ್ಯಾಕೇಜಿಗೊಂದು ಫೋಲ್ಡರು. ದಫ್ತರವೇ ಇಲ್ಲದ ಕಾಲವೂ ಒಂದಿತ್ತು. ಟಾರ್ ಗಂಟು ಬಿಚ್ಚಿ, ಕಂಪೈಲ್ ಮಾಡಿ, ‘ಮೇಕ್ ಇನ್‌ಸ್ಟಾಲ್’ ಒತ್ತಿದರೆ ಮುಗಿಯಿತು. ಆಗಲೂ ಫೈಲುಗಳು ಕಳೆಯುತ್ತಿದ್ದವು, ಆದರೆ ಕಳೆದವೆಂದು ಯಾರೂ ಹೇಳುತ್ತಿರಲಿಲ್ಲ. ಈ ಪ್ರಕರಣದ ಸಿದ್ಧಾಂತದ ಬೀಜ ಇಲ್ಲೇ ಇದೆ: ನಿರೀಕ್ಷಿಸಿದವರು ಇದ್ದರೆ ಮಾತ್ರ ಇಲ್ಲದಿರುವಿಕೆ.

ಲಕ್ಷಣ

ಸೂತ್ರ 1: ಪಟ್ಟಿಯಲ್ಲಿ ಉಂಟು, ಪಥದಲ್ಲಿ ಇಲ್ಲ ಎಂಬ ಪ್ರೋಗ್ರಾಮಿನ ಮಾತೇ ಫೈಲಭಾವ ಎಚ್ಚರಿಕೆ.

‘ದಫ್ತರದಲ್ಲಿ’ ಎನ್ನದೆ ‘ಪಟ್ಟಿಯಲ್ಲಿ’ ಎಂದದ್ದು ಏಕೆ? ಅವ್ಯಾಪ್ತಿದೋಷ ತಪ್ಪಿಸಲು. ಚಾಲಕ ತಂತ್ರಾಂಶಗಳು ತಮಗೆ ಬೇಕಾದ ಫರ್ಮ್‌ವೇರುಗಳ ಪಟ್ಟಿಯನ್ನು ತಮ್ಮೊಳಗೇ ಹೊತ್ತು ಬರುತ್ತವೆ. ಅದು ಯಾವ ಪ್ಯಾಕೇಜಿನ ದಫ್ತರದಲ್ಲೂ ಸೇರಿರಬೇಕಿಲ್ಲ. ‘ಪಥದಲ್ಲಿ’ ಎಂದದ್ದು ಏಕೆ? ಅತಿವ್ಯಾಪ್ತಿ ತಪ್ಪಿಸಲು, ಇಲ್ಲವಾದರೆ ಡಿಸ್ಕಿನಲ್ಲಿ ಜಾಗವಿಲ್ಲ, ನೆಟ್ ಇಲ್ಲ, ಪುರುಸೊತ್ತಿಲ್ಲ ಎಂಬ ಲೋಕದ ಇಲ್ಲಗಳೆಲ್ಲ ಒಳನುಗ್ಗುತ್ತವೆ. ‘ಮಾತು’ ಎಂದದ್ದು ಏಕೆ? ಮೌನವಾಗಿ ಕಳೆದ ಫೈಲುಗಳನ್ನು ಹೊರಗಿಡಲು; ಅವುಗಳ ಮಾತು ಪ್ರಮಾಣವಿಚಾರದಲ್ಲಿ ಬರುತ್ತದೆ. ಎಚ್ಚರಿಕೆಗೂ ದೋಷಕ್ಕೂ ಭೇದವಿದೆ. ಆಪ್ಟ್ ಸಾಲಿನ ತಲೆಯಲ್ಲಿ ‘ಎನ್’ ಬಂದರೆ ಸೂಚನೆ, ‘ಡಬ್ಲ್ಯು’ ಬಂದರೆ ಎಚ್ಚರಿಕೆ, ‘ಇ’ ಬಂದರೆ ದೋಷ. ಮೊದಲಿನ ಎರಡರಲ್ಲಿ ಕೆಲಸ ಮುಂದುವರಿಯುತ್ತದೆ, ಮೂರನೆಯದರಲ್ಲಿ ನಿಲ್ಲುತ್ತದೆ.

ಈ ಮಾತಿನ ಮೂಲ ಕರ್ನಲ್‌ನಲ್ಲಿದೆ. ಕೇಳಿದ ಹೆಸರು ಸಿಗದಿದ್ದರೆ ಕರ್ನಲ್ ಒಂದು ಸಂಖ್ಯೆಯನ್ನಷ್ಟೇ ಹಿಂತಿರುಗಿಸುತ್ತದೆ: 2. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬುದು ಅದಕ್ಕೆ ಸಿ ಲೈಬ್ರರಿ ಬರೆದ ಭಾಷ್ಯ. ಎಂದಿನಿಂದ ಇಲ್ಲ, ಯಾರು ತೆಗೆದರು, ಇರಬೇಕಿತ್ತೇ ಎಂಬ ಯಾವ ಪ್ರಶ್ನೆಗೂ ಆ 2ರಲ್ಲಿ ಜಾಗವಿಲ್ಲ. ಸಂಖ್ಯೆ ಬಿಟ್ಟುಹೋದ ಜಾಗದಲ್ಲೇ ಶಾಸ್ತ್ರ ಹುಟ್ಟುತ್ತದೆ.

ತ್ರಿಪುಟಿ

ಸೂತ್ರ 2: ಪ್ರತಿಯೋಗಿ, ಅನುಯೋಗಿ, ವಕ್ತೃ, ಮೂರನ್ನೂ ಅರಿಯದೆ ಎಂಟರ್ ಒತ್ತಬಾರದು.

ನೆಲದ ಮೇಲೆ ಗಡಿಗೆ ಇಲ್ಲ ಎಂಬಲ್ಲಿ ಗಡಿಗೆ ಪ್ರತಿಯೋಗಿ, ನೆಲ ಅನುಯೋಗಿ ಎಂದು ತರ್ಕಪಾಠದ ಮೊದಲ ವರ್ಷದಲ್ಲೇ ಹೇಳಿಕೊಡುತ್ತಾರೆ. ಇಲ್ಲಿ ಫೈಲು ಪ್ರತಿಯೋಗಿ, ಅದು ಇರಬೇಕಾದ ಡೈರೆಕ್ಟರಿ ಅನುಯೋಗಿ. ಮೂರನೆಯ ವಕ್ತೃ, ಅಂದರೆ ಹೀಗೆಂದು ದೂರು ಹೇಳುತ್ತಿರುವ ಪ್ರೋಗ್ರಾಮು, ಈ ಪ್ರಕರಣಕಾರರು ಸೇರಿಸಿದ್ದು. ಅಪ್‌ಡೇಟ್ ಎಂಬುದು ಒಬ್ಬರ ಕೆಲಸವಲ್ಲ. ಆಪ್ಟ್ ಕರೆದರೆ ಡಿಪಿಕೆಜಿ ಬರುತ್ತದೆ, ಅದರ ಹಿಂದೆ ಪರ್ಲ್, ಎಲ್‌ಡಿಕಾನ್ಫಿಗ್, ಡೆಪ್‌ಮಾಡ್, ಇನಿಟ್‌ರಾಮ್‌ಎಫ್‌ಎಸ್ ಕಟ್ಟುವ ಪ್ರೋಗ್ರಾಮು, ಹೀಗೆ ಒಂದು ದಂಡೇ ಬರುತ್ತದೆ. ಎಲ್ಲರೂ ಒಂದೇ ಪರದೆಯ ಮೇಲೆ ಮಾತಾಡುತ್ತಾರೆ. ಸಾಲಿನ ಮೊದಲ ವಿವರಣಚಿಹ್ನೆಗೆ ಹಿಂದಿರುವ ಹೆಸರೇ ಸಾಮಾನ್ಯವಾಗಿ ವಕ್ತೃ. ಬರಿಯ ‘ಡಬ್ಲ್ಯು’ ಇದ್ದು ಹೆಸರಿಲ್ಲದಿದ್ದರೆ ಹಿಂದಿನ ಸಾಲು ನೋಡಬೇಕು. ಫೈಲಿನ ಹೆಸರನ್ನಷ್ಟೇ ಹಿಡಿದು ಹುಡುಕಲು ಹೊರಟವರು ಕಳ್ಳನನ್ನು ಬಿಟ್ಟು ಕಳುವಾದ ವಸ್ತುವನ್ನೇ ವಿಚಾರಣೆಗೆ ಕರೆಯುತ್ತಾರೆ.

ವಿಭಾಗ

ಸೂತ್ರ 3: ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ಅಭಾವ ನಾಲ್ಕು, ಎಚ್ಚರಿಕೆಗಳೂ ನಾಲ್ಕೇ.

ಒಂದು, ಪ್ರಾಗಭಾವ. ಇನ್ನೂ ಹುಟ್ಟದ್ದರ ಇಲ್ಲದಿರುವಿಕೆ. ಇದಕ್ಕೆ ಆದಿಯಿಲ್ಲ, ಅಂತ್ಯವಿದೆ. ವಸ್ತು ಹುಟ್ಟಿದೊಡನೆ ತೀರುತ್ತದೆ. ಉದಾಹರಣೆಗೆ ಕನ್ನಡಿಗರನ್ನೇ ಹಿಡಿಯೋಣ. ಬೆಂಗಳೂರಿನಲ್ಲೋ ಬಾಸ್ಟನ್ನಿನಲ್ಲೋ ಕೂತ ಒಬ್ಬರು ತಮ್ಮ ಲ್ಯಾಪ್‌ಟಾಪಿನ ಭಾಷೆಯನ್ನು ಅಭಿಮಾನದಿಂದ ‘ಕೆಎನ್_ಐಎನ್’ ಎಂದು, ಅಂದರೆ ಭಾರತದ ಕನ್ನಡವೆಂದು, ಇಟ್ಟುಕೊಂಡಿದ್ದಾರೆ. ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರಿಗೆ ಹೋಗುತ್ತಾರೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಎಸ್‌ಎಸ್‌ಎಚ್ ಈ ಭಾಷಾಭಿಮಾನವನ್ನೂ ಜೊತೆಗೆ ಹೊತ್ತೊಯ್ಯುವಂತೆ ಮೊದಲೇ ಏರ್ಪಾಡಾಗಿದೆ. ಅಲ್ಲಿ ಅಪ್‌ಡೇಟ್ ಓಡಿಸಿದರೆ ಪರ್ಲ್ ಬೊಬ್ಬೆಯಿಡುತ್ತದೆ: ಲೊಕೇಲ್ ಹೊಂದಿಸಲಾಗಲಿಲ್ಲ, ಅಂಥದ್ದು ಇಲ್ಲಿಲ್ಲ. ಡೆಬಿಯನ್ ಪ್ಯಾಕೇಜುಗಳನ್ನು ಅಣಿಗೊಳಿಸುವ ಡೆಬ್‌ಕಾನ್ಫ್ ಮುಂತಾದ ಪರಿಚಾರಕರು ಪರ್ಲ್‌ನವರೇ ಆದ್ದರಿಂದ ಈ ಬೊಬ್ಬೆ ಪ್ಯಾಕೇಜು ಪ್ಯಾಕೇಜಿಗೂ ಮರುಕಳಿಸುತ್ತದೆ.

ಇಲ್ಲಿ ಕಳೆದದ್ದು ಏನೂ ಇಲ್ಲ. ಆ ಸರ್ವರಿನಲ್ಲಿ ಕನ್ನಡದ ಲೊಕೇಲ್ ಎಂದೂ ಹುಟ್ಟಿರಲಿಲ್ಲ, ಅಷ್ಟೆ. ‘/ಇಟಿಸಿ/ಲೊಕೇಲ್.ಜೆನ್’ ಫೈಲಿನಲ್ಲಿ ಆ ಸಾಲಿನ ಮುಂದಿನ ಹ್ಯಾಷ್ ಚಿಹ್ನೆ ಅಳಿಸಿ ‘ಲೊಕೇಲ್-ಜೆನ್’ ಆಜ್ಞೆ ಕೊಟ್ಟರೆ ಅನಾದಿಯಾದ ಆ ಅಭಾವ ಕೆಲವೇ ಕ್ಷಣಗಳಲ್ಲಿ ಅಂತ್ಯ ಕಾಣುತ್ತದೆ. ಸರ್ವರು ಅನ್ಯರದಾದರೆ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಸಂರಚನೆಯಲ್ಲಿ ಭಾಷೆ ಕಳಿಸುವ ಸಾಲನ್ನು ನಿಲ್ಲಿಸಿ, ಅಭಿಮಾನವನ್ನು ಮನೆಯಲ್ಲೇ ಇಟ್ಟು ಹೋಗಬಹುದು. ಎರಡೂ ಶಾಸ್ತ್ರಸಮ್ಮತ.

ಇದೇ ವರ್ಗದ ಇನ್ನೊಂದು: ಡಾಕರ್ ಚಿತ್ರ, ಅಂದರೆ ಇಮೇಜು, ಕಟ್ಟುವಾಗ ಬರುವ, ಆಪ್ಟ್-ಯುಟಿಲ್ಸ್ ಇನ್ನೂ ಇಲ್ಲವಾದ್ದರಿಂದ ಪ್ಯಾಕೇಜಿನ ಸಂರಚನೆಯನ್ನು ಮುಂದೂಡಲಾಗಿದೆ ಎಂಬ ಡೆಬ್‌ಕಾನ್ಫ್‌ನ ನುಡಿ. ಮುಂದೂಡಿದ್ದು ಆಮೇಲೆ ನಡೆಯುತ್ತದೆ. ಇದನ್ನು ಕಂಡು ಕಟ್ಟುವಿಕೆ ನಿಲ್ಲಿಸಿದವರು ಮುಹೂರ್ತಕ್ಕೆ ಮುಂಚೆಯೇ ಮಂಗಳಾರತಿ ಎತ್ತಿದವರು.

ಎರಡು, ಪ್ರಧ್ವಂಸಾಭಾವ. ಇದ್ದದ್ದು ಅಳಿದ ಮೇಲಿನ ಇಲ್ಲದಿರುವಿಕೆ. ಇದಕ್ಕೆ ಆದಿಯಿದೆ, ಅಂತ್ಯವಿಲ್ಲ. ಇದರ ಉಪಭೇದಗಳು ಐದು.

ದಫ್ತರಧ್ವಂಸ ಮೊದಲನೆಯದು, ಘನತೆಯಲ್ಲೂ ಮೊದಲನೆಯದೇ. ಡಿಪಿಕೆಜಿ ಹೇಳುತ್ತದೆ: ಇಂಥ ಪ್ಯಾಕೇಜಿನ ಫೈಲುಪಟ್ಟಿಯ ಫೈಲು ಕಾಣೆಯಾಗಿದೆ, ಸದ್ಯಕ್ಕೆ ಈ ಪ್ಯಾಕೇಜಿಗೆ ಯಾವ ಫೈಲೂ ಇಲ್ಲವೆಂದು ಭಾವಿಸುತ್ತೇನೆ. ಗಮನಿಸಬೇಕಾದ ಸೂಕ್ಷ್ಮ ಇಲ್ಲಿದೆ. ಪ್ಯಾಕೇಜಿನ ಫೈಲುಗಳು ಡಿಸ್ಕಿನಲ್ಲಿ ಸುಖವಾಗಿವೆ, ಕಳೆದದ್ದು ಅವುಗಳ ಪಟ್ಟಿ. ‘/ವಾರ್/ಲಿಬ್/ಡಿಪಿಕೆಜಿ/ಇನ್ಫೋ’ದಲ್ಲಿ ಪ್ಯಾಕೇಜಿಗೊಂದು ‘ಲಿಸ್ಟ್’ ಫೈಲಿರುತ್ತದೆ. ಡಿಸ್ಕು ಕೆಟ್ಟಿತೋ, ಬರೆಯುವಾಗ ಕರೆಂಟು ಹೋಯಿತೋ, ಜಾಗ ಉಳಿಸುವ ಉತ್ಸಾಹದಲ್ಲಿ ಯಾರೋ ‘ವಾರ್’ ಒಳಗೆ ಕಸ ಗುಡಿಸಿದರೋ, ಅದು ಹೋಗುತ್ತದೆ. ಪ್ಯಾಕೇಜುಗಳ ಸ್ಥಿತಿಪಟ್ಟಿಗಾದರೆ ‘/ವಾರ್/ಬ್ಯಾಕಪ್ಸ್’ನಲ್ಲಿ ಹಳೆಯ ಪ್ರತಿಗಳು ಇರುತ್ತವೆ, ಫೈಲುಪಟ್ಟಿಗಳಿಗೆ ಆ ಭಾಗ್ಯವಿಲ್ಲ. ಹಾಗೇ ಬಿಟ್ಟರೆ ಮುಂದಿನ ಅಪ್‌ಡೇಟಿನಲ್ಲಿ ಹಳೆಯ ಆವೃತ್ತಿಯ ಯಾವ ಫೈಲನ್ನು ತೆಗೆಯಬೇಕೆಂದು ಡಿಪಿಕೆಜಿಗೆ ಗೊತ್ತಾಗದೆ ಅನಾಥ ಫೈಲುಗಳು ಬೆಳೆಯುತ್ತವೆ. ಪರಿಹಾರ: ‘ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್’ ಎಂದು ಬರೆದು ಮುಂದೆ ಪ್ಯಾಕೇಜಿನ ಹೆಸರು. ಒಂದಲ್ಲ, ನೂರು ಹೆಸರು ಬಂದರೆ ಪ್ಯಾಕೇಜಿನ ಚಿಂತೆ ಬಿಟ್ಟು ಡಿಸ್ಕಿನ ಆರೋಗ್ಯ ವಿಚಾರಿಸಬೇಕು.

ಇಲ್ಲಿ ತಾರ್ಕಿಕರ ಆಕ್ಷೇಪವೊಂದಿದೆ: ಧ್ವಂಸಕ್ಕೆ ಅಂತ್ಯವಿಲ್ಲವೆಂದ ಮೇಲೆ ರೀಇನ್‌ಸ್ಟಾಲಿನಿಂದ ಫೈಲು ಮರಳಿದ್ದು ಹೇಗೆ? ಮರಳಲಿಲ್ಲ. ಒಡೆದ ಗಡಿಗೆ ಒಡೆದದ್ದೇ. ಬಂದದ್ದು ಬೇರೆ ಗಡಿಗೆ. ಚೆಕ್‌ಸಮ್ ತಾಳೆಯಾಗಬಹುದು, ಐನೋಡ್ ಬೇರೆ, ಹುಟ್ಟಿದ ಗಳಿಗೆ ಬೇರೆ. ಗಣಕಕ್ಕೆ ಇದರಿಂದ ಏನೂ ಆಗಬೇಕಿಲ್ಲ, ಆದರೆ ಸಿದ್ಧಾಂತಕ್ಕೆ ಭಂಗ ಬರಲಿಲ್ಲ ಎಂಬುದು ಮುಖ್ಯ.

ಹಸ್ತಧ್ವಂಸ ಎರಡನೆಯದು. ಆರ್‌ಪಿಎಂ ಮತದಲ್ಲಿ, ಹಳೆಯ ಆವೃತ್ತಿಯನ್ನು ತೆಗೆಯುವ ಹೊತ್ತಿಗೆ, ಇಂಥ ಫೈಲನ್ನು ತೆಗೆಯಲಾಗಲಿಲ್ಲ, ಅಂಥ ಫೈಲೇ ಇಲ್ಲ ಎಂಬ ಸಾಲು ಬರುತ್ತದೆ. ಯಾರೋ ಕೈಯಾರೆ ಮೊದಲೇ ಅಳಿಸಿದ್ದಾರೆ. ಅಳಿಸಲು ಬಂದ ಅಧಿಕಾರಿಗೆ ಕೆಲಸ ಸಿಗದೆ ಬೇಸರವಾಗಿದೆ. ಹೋಗಬೇಕಾದದ್ದೇ ಹೋಗಿದೆ, ಆದ್ದರಿಂದ ಪ್ರಾಯಶ್ಚಿತ್ತ ಬೇಡ. ಅದೇ ಪ್ಯಾಕೇಜಿನ ಉಳಿದ ಫೈಲುಗಳು ಇವೆಯೇ ಎಂದು ‘ಆರ್‌ಪಿಎಂ -ವಿ’ ಮಾಡಿ ನೋಡಿದರೆ ಸಾಕು.

ಐಚ್ಛಿಕಧ್ವಂಸ ಮೂರನೆಯದು. ‘/ಇಟಿಸಿ’ಯಲ್ಲಿರುವ ಸಂರಚನಾ ಫೈಲನ್ನು ನೀವು ಅಳಿಸಿದರೆ ಡಿಪಿಕೆಜಿ ಅದನ್ನು ಅಪಘಾತವೆನ್ನುವುದಿಲ್ಲ, ನಿಮ್ಮ ಸಂಕಲ್ಪವೆಂದು ಗೌರವಿಸುತ್ತದೆ. ಎಷ್ಟು ಸಲ ರೀಇನ್‌ಸ್ಟಾಲ್ ಮಾಡಿದರೂ ಆ ಫೈಲು ಮರಳುವುದಿಲ್ಲ. ಹೊಸ ಆವೃತ್ತಿಯಲ್ಲಿ ಆ ಫೈಲು ಬದಲಾಗಿದ್ದರೆ ಮಾತ್ರ, ‘ಇದನ್ನು ನೀವೋ ಒಂದು ಸ್ಕ್ರಿಪ್ಟೋ ಅಳಿಸಿದೆ’ ಎಂದು ವಿನಯದಿಂದ ನೆನಪಿಸಿ ಏನು ಮಾಡಲಿ ಎಂದು ಕೇಳುತ್ತದೆ. ಮರಳಿ ಬೇಕಾದವರು ‘ಫೋರ್ಸ್-ಕಾನ್ಫ್‌ಮಿಸ್’ ಎಂಬ ಆಯ್ಕೆಯನ್ನು ಸ್ಪಷ್ಟವಾಗಿ ಉಚ್ಚರಿಸಬೇಕು. ರೀಇನ್‌ಸ್ಟಾಲ್ ಎಲ್ಲಕ್ಕೂ ಮದ್ದು ಎಂದು ನಂಬಿದವರು ಸೋಲುವ ಸ್ಥಳ ಇದೇ.

ಕಾಲಧ್ವಂಸ ನಾಲ್ಕನೆಯದು. ‘404’ ಎಂಬ ಪ್ರಸಿದ್ಧ ಅಂಕಿ. ನಿಮ್ಮ ಗಣಕದ ಸೂಚಿ ಹಳೆಯದು; ಅದರಲ್ಲಿರುವ ಆವೃತ್ತಿ ಸರ್ವರಿನಲ್ಲಿ ಹೊಸದಕ್ಕೆ ಜಾಗ ಬಿಟ್ಟು ಹೋಗಿದೆ. ‘ಆಪ್ಟ್ ಅಪ್‌ಡೇಟ್’ ಮೊದಲು, ‘ಅಪ್‌ಗ್ರೇಡ್’ ಆಮೇಲೆ ಎಂಬ ಕ್ರಮ ತಪ್ಪಿದವರಿಗೆ ಇದು ಬರುತ್ತದೆ. ಎಲ್ಲ ಪ್ಯಾಕೇಜಿಗೂ 404 ಬಂದರೆ ಕಳೆದದ್ದು ಫೈಲಲ್ಲ, ಆವೃತ್ತಿಯ ಆಯುಷ್ಯ. ಬೆಂಬಲ ಮುಗಿದ ಉಬುಂಟು ‘ಓಲ್ಡ್-ರಿಲೀಸಸ್’ ಎಂಬ ವಿಳಾಸಕ್ಕೂ ಡೆಬಿಯನ್ ‘ಆರ್ಕೈವ್’ ಎಂಬ ವಿಳಾಸಕ್ಕೂ ವಾನಪ್ರಸ್ಥ ಹೋಗುತ್ತವೆ.

ಪದತಲಧ್ವಂಸ ಐದನೆಯದು, ಕಾಲಡಿಯ ನೆಲವೇ ಹೋಗುವುದು. ಆರ್ಚ್ ಮತದಲ್ಲಿ ಕರ್ನಲ್ ಅಪ್‌ಡೇಟಾದಾಗ ಹಳೆಯ ಕರ್ನಲ್‌ನ ಮಾಡ್ಯೂಲುಗಳು ಡಿಸ್ಕಿನಿಂದ ಹೋಗುತ್ತವೆ, ಆದರೆ ಓಡುತ್ತಿರುವುದು ಇನ್ನೂ ಹಳೆಯ ಕರ್ನಲ್. ಆಮೇಲೆ ಪೆನ್‌ಡ್ರೈವ್ ಚುಚ್ಚಿದರೆ, ಅದಕ್ಕೆ ಬೇಕಾದ ಮಾಡ್ಯೂಲು ಮೊದಲೇ ಮೆಮೊರಿಗೆ ಬಂದಿರದಿದ್ದರೆ, ‘/ಲಿಬ್/ಮಾಡ್ಯೂಲ್ಸ್’ ಅಡಿಯಲ್ಲಿ ಅಂಥದ್ದಿಲ್ಲ ಎಂದು ಮಾಡ್‌ಪ್ರೋಬ್ ಕೈಚೆಲ್ಲುತ್ತದೆ. ‘ಯುನೇಮ್ -ಆರ್’ ಹೇಳುವ ಆವೃತ್ತಿಯನ್ನೂ ಆ ಡೈರೆಕ್ಟರಿಯಲ್ಲಿರುವುದನ್ನೂ ತಾಳೆ ನೋಡಿದರೆ ರೋಗ ಗೊತ್ತಾಗುತ್ತದೆ. ಮದ್ದು ರೀಬೂಟ್.

ಮೂರು, ಅತ್ಯಂತಾಭಾವ. ಇಲ್ಲಿ ಎಂದೂ ಇರಲಿಲ್ಲ, ಇಲ್ಲ, ಇರುವುದೂ ಇಲ್ಲ. ಗಾಳಿಯಲ್ಲಿ ಬಣ್ಣವಿಲ್ಲದಂತೆ ಎಂದು ಗ್ರಂಥಗಳ ಉದಾಹರಣೆ. ಆರ್ಚ್‌ನಲ್ಲಿ ಎಂಕೆಇನಿಟ್‌ಸಿಪಿಐಒ ಎಂಬ ವಕ್ತೃ ಫಾಲ್‌ಬ್ಯಾಕ್ ಚಿತ್ರ ಕಟ್ಟುವಾಗ ‘ಎಐಸಿ94ಎಕ್ಸ್‌ಎಕ್ಸ್’, ‘ಡಬ್ಲ್ಯುಡಿ719ಎಕ್ಸ್’ ಮಾಡ್ಯೂಲುಗಳ ಫರ್ಮ್‌ವೇರ್ ಇಲ್ಲದಿರಬಹುದು ಎನ್ನುತ್ತದೆ. ಮೊದಲನೆಯದು ಅಡಾಪ್ಟೆಕ್‌ನ ಸರ್ವರ್ ಡಿಸ್ಕ್ ನಿಯಂತ್ರಕದ್ದು, ಎರಡನೆಯದು ವೆಸ್ಟರ್ನ್ ಡಿಜಿಟಲ್‌ನ ಹಳೆಯ ಸ್ಕಸಿ ಕಾರ್ಡಿನದು. ಫಾಲ್‌ಬ್ಯಾಕ್ ಚಿತ್ರ ಯಾವ ಯಂತ್ರದಲ್ಲಾದರೂ ಏಳಬೇಕೆಂದು ಎಲ್ಲ ಚಾಲಕಗಳನ್ನೂ ತುಂಬಿಕೊಳ್ಳುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಆ ಕಾರ್ಡುಗಳಿರುವ ಸಂಭವವೇ ಇಲ್ಲ.

ಸಂಕಲ್ಪಜನ್ಯ ಅತ್ಯಂತಾಭಾವವೂ ಒಂದಿದೆ. ಡಾಕರ್‌ನ ಸ್ಲಿಮ್ ಚಿತ್ರಗಳಲ್ಲಿ ಮ್ಯಾನ್ ಪುಟಗಳನ್ನು ಎಂದೂ ಬಿಚ್ಚಬಾರದೆಂದು ಡಿಪಿಕೆಜಿಗೆ ‘ಪಾತ್-ಎಕ್ಸ್‌ಕ್ಲೂಡ್’ ನಿಯಮದಿಂದ ಕಟ್ಟಪ್ಪಣೆಯಾಗಿರುತ್ತದೆ. ಆ ಕಟ್ಟಪ್ಪಣೆಯ ಸುದ್ದಿ ಅಪ್‌ಡೇಟ್-ಆಲ್ಟರ್ನೇಟಿವ್ಸ್ ಎಂಬವರಿಗೆ ಮುಟ್ಟಿರುವುದಿಲ್ಲ. ಆದ್ದರಿಂದ, ಇಂಥ ಮ್ಯಾನ್ ಪುಟ ಇಲ್ಲವಾದ್ದರಿಂದ ಕೊಂಡಿ ಮಾಡುವುದನ್ನು ಬಿಟ್ಟಿದ್ದೇನೆ ಎಂದು ಪ್ರತಿಸಲ ವರದಿ ಒಪ್ಪಿಸುತ್ತದೆ. ಇದನ್ನು ಕೇಳಿ ಮುಗುಳ್ನಗಬಹುದು. ಒಂದು ಅಪವಾದ: ಮ್ಯಾನ್ ಪುಟಗಳಷ್ಟೇ ಅಲ್ಲದೆ ‘ಮ್ಯಾನ್1’ ಡೈರೆಕ್ಟರಿಯೇ ಇಲ್ಲದ ಚಿತ್ರಗಳಲ್ಲಿ ಜಾವಾದ ಜೆಡಿಕೆ ಹಾಕಹೋಗಿ ಎಚ್ಚರಿಕೆ ದೋಷವಾಗಿ ಬೆಳೆದು ಕೆಲಸ ನಿಂತದ್ದು ಪ್ರಸಿದ್ಧ. ಆ ಖಾಲಿ ಡೈರೆಕ್ಟರಿಯನ್ನು ಮೊದಲೇ ‘ಎಂಕೆಡಿರ್ -ಪಿ’ ಮಾಡಿಟ್ಟರೆ ಸಾಕು. ಓದುವ ಪುಟ ಬೇಡ, ಓದುವ ಕೋಣೆ ಬೇಕು ಎಂಬ ಈ ಹಟವನ್ನು ನಮ್ಮ ಗ್ರಂಥಾಲಯಗಳ ಇತಿಹಾಸ ಬಲ್ಲವರು ಸುಲಭವಾಗಿ ಅರ್ಥಮಾಡಿಕೊಳ್ಳುತ್ತಾರೆ.

ನಾಲ್ಕು, ಅನ್ಯೋನ್ಯಾಭಾವ. ಇದು ಅದಲ್ಲ ಎಂಬ ಭೇದ. ಫೈಲಿದೆ, ಆದರೆ ಕೇಳಿದ ಫೈಲು ಅದಲ್ಲ. ಉಬುಂಟು 22.04 ಓಪನ್‌ಎಸ್‌ಎಸ್‌ಎಲ್ 3ಕ್ಕೆ ಬಂದಾಗ ಹಳೆಯ ಪ್ರೋಗ್ರಾಮುಗಳು ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.1.1’ ತೆರೆಯಲಾಗುತ್ತಿಲ್ಲ, ಅಂಥ ಫೈಲಿಲ್ಲ ಎಂದವು. ಪಕ್ಕದಲ್ಲೇ ‘ಲಿಬ್‌ಎಸ್‌ಎಸ್‌ಎಲ್.ಎಸ್‌ಒ.3’ ಕೂತಿತ್ತು. ಮೂರಕ್ಕೆ 1.1ರ ಹೆಸರಿನ ಕೊಂಡಿ ಹಾಕಿ ನಂಬಿಸಲು ನೋಡುವವರಿದ್ದಾರೆ. ಒಂದರ ಮೇಲೆ ಇನ್ನೊಂದರ ಆರೋಪ. ವೇದಾಂತಿಗಳು ಇದನ್ನು ಅಧ್ಯಾಸ ಎನ್ನುತ್ತಾರೆ. ಹೆಸರು ಕೂಡಿದರೂ ಒಳಗಿನ ಚಿಹ್ನೆಗಳು ಕೂಡುವುದಿಲ್ಲ, ಪ್ರೋಗ್ರಾಮು ಬಾಗಿಲು ದಾಟಿದ ಮೇಲೆ ಬೀಳುತ್ತದೆ. ಆ ಪ್ರೋಗ್ರಾಮಿನ ಹೊಸ ಆವೃತ್ತಿ ತರುವುದೊಂದೇ ನೇರ ದಾರಿ. ಆರ್ಚ್‌ನಲ್ಲಿ ‘ಎಸ್‌ವೈ’ ಒತ್ತಿ ‘ಯು’ ಬಿಟ್ಟು, ಅರ್ಧ ಅಪ್‌ಗ್ರೇಡ್ ಮಾಡಿದವರಿಗೂ ಇದೇ ಫಲ.

ಇದಕ್ಕಿಂತ ವಿಚಿತ್ರವಾದದ್ದು ಮಾಯಾರೂಪಿ. ಫೈಲು ಕಣ್ಣೆದುರು ಇದೆ, ‘ಎಲ್‌ಎಸ್’ ತೋರಿಸುತ್ತದೆ, ಓಡಿಸಿದರೆ ‘ನೋ ಸಚ್ ಫೈಲ್’. ಇಲ್ಲದ್ದು ಆ ಫೈಲಲ್ಲ. ಅದು ತನ್ನನ್ನು ಓಡಿಸಲು ಕರೆಯುವ ಇನ್ನೊಂದು. 64 ಬಿಟ್ ಗಣಕದಲ್ಲಿ 32 ಬಿಟ್ ಪ್ರೋಗ್ರಾಮು ಓಡಿಸಿದರೆ ಅದರ ಲೋಡರ್ ‘ಎಲ್‌ಡಿ-ಲಿನಕ್ಸ್.ಎಸ್‌ಒ.2’ ಇರುವುದಿಲ್ಲ. ವಿಂಡೋಸ್‌ನಲ್ಲಿ ಉಳಿಸಿದ ಸ್ಕ್ರಿಪ್ಟಾದರೆ ಮೊದಲ ಸಾಲಿನ ಕೊನೆಗೆ ಕಾಣದ ಒಂದು ಅಕ್ಷರ ಅಂಟಿಕೊಂಡು, ಇಂಟರ್ಪ್ರಿಟರಿನ ಹೆಸರೇ ಕೆಟ್ಟಿರುತ್ತದೆ. ಕರ್ನಲ್ ಎರಡಕ್ಕೂ ಅದೇ 2ನ್ನು ಕೊಡುತ್ತದೆ. ‘ಫೈಲ್’ ಎಂಬ ಆಜ್ಞೆಯಿಂದ ಒಳಗಿನ ಲೋಡರಿನ ಹೆಸರು ಓದಿದರೆ ಮಾಯೆ ಬಿಡುತ್ತದೆ.

ಈ ವರ್ಗದಲ್ಲಿ ಮೂರನೆಯದು ನಾಮಭೇದ. ಈಗಿನ ಡೆಬಿಯನ್‌ನಲ್ಲಿ ‘/ಬಿನ್’ ಎಂಬುದು ‘/ಯುಎಸ್‌ಆರ್/ಬಿನ್’ಗೆ ಬರಿಯ ಕೊಂಡಿ, ಜಾಗ ಒಂದೇ, ಹೆಸರು ಎರಡು. ಡಿಪಿಕೆಜಿ ತನ್ನ ದಫ್ತರದಲ್ಲಿ ಬರೆದ ಹೆಸರನ್ನು ಅಕ್ಷರಶಃ ಹಿಡಿಯುತ್ತದೆ. ‘/ಬಿನ್’ ಎಂದು ದಾಖಲಾದ ಫೈಲನ್ನು ‘/ಯುಎಸ್‌ಆರ್/ಬಿನ್’ ಎಂದು ಕೇಳಿದರೆ, ಅಂಥದ್ದು ಯಾರದೂ ಅಲ್ಲ ಎನ್ನುತ್ತದೆ. ಕೇಳುವಾಗ ಬರಿಯ ಕೊನೆಯ ಹೆಸರನ್ನು ಕೊಟ್ಟರೆ ಎರಡೂ ಪಥಗಳು ಹಿಡಿಯಲ್ಲಿ ಬರುತ್ತವೆ.

ಸಂಕರ

ಸೂತ್ರ 4: ವಾಕ್ಯ ಒಂದೇ ಆದರೂ ಅಭಾವ ಒಂದೇ ಅಲ್ಲ.

ಡೆಬಿಯನ್ ಮತದಲ್ಲಿ ಅತ್ಯಂತ ಹೆಚ್ಚು ಸಂಶಯ ಎಬ್ಬಿಸುವ ವಾಕ್ಯ ‘ಪಾಸಿಬಲ್ ಮಿಸ್ಸಿಂಗ್ ಫರ್ಮ್‌ವೇರ್’. ‘ಪಾಸಿಬಲ್’ ಎಂದು ವಕ್ತೃವೇ ಸಂಶಯ ಇಟ್ಟುಕೊಂಡಿದೆ. ಐ915 ಎಂಬ ಒಂದೇ ಚಾಲಕ ಇಂಟೆಲ್ ಗ್ರಾಫಿಕ್ಸ್‌ನ ಹಲವು ತಲೆಮಾರುಗಳನ್ನು ನಡೆಸುತ್ತದೆ. ಅದರ ಪಟ್ಟಿಯಲ್ಲಿ ಎಲ್ಲ ತಲೆಮಾರುಗಳ ಫರ್ಮ್‌ವೇರಿನ ಹೆಸರುಗಳೂ ಇವೆ, ನಿಮ್ಮ ಗಣಕದಲ್ಲಿರುವುದು ಒಂದೇ ತಲೆಮಾರು. ಬೇರೆ ತಲೆಮಾರಿನ ಹೆಸರು ಬಂದರೆ ಅದು ಅತ್ಯಂತಾಭಾವ, ಹೊದ್ದು ಮಲಗಬಹುದು. ನಿಮ್ಮದೇ ತಲೆಮಾರಿನದಾಗಿ, ಕರ್ನಲ್ ಹೊಸತು, ಫರ್ಮ್‌ವೇರ್ ಪ್ಯಾಕೇಜು ಹಳತಾಗಿದ್ದರೆ ಅದು ಪ್ರಾಗಭಾವ. ಈ ಪ್ರಾಗಭಾವಕ್ಕೆ ಚಾರಿತ್ರಿಕ ಕಾರಣವೂ ಒಂದಿದೆ. 2022ರಲ್ಲಿ ಡೆಬಿಯನ್ನರು ಮತ ಹಾಕಿ ತೀರ್ಮಾನಿಸಿದ ಮೇಲೆ 2023ರ ಡೆಬಿಯನ್ 12ರಲ್ಲಿ ಮುಕ್ತವಲ್ಲದ ಫರ್ಮ್‌ವೇರಿಗಾಗಿ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಹೊಸ ವಿಭಾಗ ತೆರೆದರು. 11ರಿಂದ ಏರಿಬಂದವರ ಮೂಲಪಟ್ಟಿಯಲ್ಲಿ ಹಳೆಯ ‘ನಾನ್-ಫ್ರೀ’ ಮಾತ್ರ ಇದ್ದರೆ ಫರ್ಮ್‌ವೇರ್ ಅಲ್ಲೇ ಹಳತಾಗಿ ನಿಲ್ಲುತ್ತದೆ. ಇನ್ನು ಇದ್ದ ಪ್ಯಾಕೇಜನ್ನು ಯಾರೋ ತೆಗೆದಿದ್ದರೆ ಅದೇ ವಾಕ್ಯ ಪ್ರಧ್ವಂಸವನ್ನು ಹೇಳುತ್ತಿದೆ.

ನಿರ್ಣಯ ಹೇಗೆ? ಕಟ್ಟುವವರನ್ನು ಬಿಟ್ಟು ಕರ್ನಲ್ಲನ್ನೇ ಕೇಳಬೇಕು. ರೀಬೂಟಾದ ಮೇಲೆ ‘ಜರ್ನಲ್‌ಸಿಟಿಎಲ್ -ಕೆ’ ಓದಿದಾಗ ಅಲ್ಲಿ ಅದೇ ಫೈಲಿನ ಹೆಸರಿನೊಡನೆ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಕರ್ನಲ್ ನಿಜವಾಗಿ ಬೇಡಿ ಸಿಗದೆ ಹೋಗಿದೆ. ಆ 2 ನಮಗೆ ಹೊಸಬನಲ್ಲ. ಅಂಥ ಸಾಲಿಲ್ಲದಿದ್ದರೆ ಬೇಡಿದವರೇ ಇಲ್ಲ. ಬೇಡದಿದ್ದದ್ದು ಕೊರತೆಯೂ ಅಲ್ಲ.

ಪೂರ್ವಪಕ್ಷಗಳು

ಪುನರಾರಂಭವಾದಿಗಳು ಎಲ್ಲಕ್ಕೂ ರೀಬೂಟ್ ಎನ್ನುತ್ತಾರೆ. ಪದತಲಧ್ವಂಸದಲ್ಲಿ ಗೆಲ್ಲುತ್ತಾರೆ, ಮಿಕ್ಕ ಕಡೆ ಗಣಕಕ್ಕೆ ವ್ಯಾಯಾಮ.

ಶೂನ್ಯವಾದಿಗಳು ‘ಟಚ್’ ಆಜ್ಞೆಯಿಂದ ಅದೇ ಹೆಸರಿನ ಖಾಲಿ ಫೈಲು ಸೃಷ್ಟಿಸಿ ವಕ್ತೃವಿನ ಬಾಯಿ ಮುಚ್ಚಿಸುತ್ತಾರೆ. ಎಚ್ಚರಿಕೆ ನಿಲ್ಲುವುದು ನಿಜ. ಆದರೆ ಖಾಲಿ ಫೈಲುಪಟ್ಟಿ ಇಟ್ಟರೆ ಡಿಪಿಕೆಜಿ ತನ್ನ ಊಹೆಯನ್ನು ಸತ್ಯವೆಂದು ಒಪ್ಪುತ್ತದೆ. ಮೊದಲು ‘ಯಾವ ಫೈಲೂ ಇಲ್ಲವೆಂದು ಭಾವಿಸುತ್ತೇನೆ’ ಎಂದದ್ದು ಈಗ ಮರುಮಾತಿಲ್ಲದೆ ನಂಬುತ್ತದೆ. ಖಾಲಿ ಫರ್ಮ್‌ವೇರ್ ಇಟ್ಟರೆ ಯಂತ್ರ ಏನೂ ಇಲ್ಲದ್ದನ್ನು ನುಂಗಲು ಹೋಗಿ ಕೆಮ್ಮುತ್ತದೆ. ನಾಲ್ಕು ಪೂರ್ವಪಕ್ಷಗಳಲ್ಲಿ ಇದೊಂದೇ ಪಾಪಕರ, ಏಕೆಂದರೆ ಇದು ದೂರನ್ನು ಅಳಿಸುತ್ತದೆ, ಕೊರತೆಯನ್ನಲ್ಲ.

ಮಹಾಪ್ರಳಯವಾದಿಗಳು ಇಡೀ ವ್ಯವಸ್ಥೆಯನ್ನೇ ಅಳಿಸಿ ಹೊಸದಾಗಿ ಹಾಕಿಬಿಡಿ ಎನ್ನುತ್ತಾರೆ. ಅವರ ಉಪದೇಶ ಸದಾ ಅನ್ಯರ ಗಣಕಕ್ಕೆ.

ಉಪೇಕ್ಷಾವಾದಿಗಳು ಪ್ರಾಭಾಕರ ಮೀಮಾಂಸಕರ ನೆಂಟರು. ಗಡಿಗೆಯಿಲ್ಲದಿರುವುದೆಂದರೆ ಬರಿಯ ನೆಲ, ಅಭಾವವೆಂಬ ಬೇರೆ ಪದಾರ್ಥವಿಲ್ಲ ಎಂದು ಪ್ರಾಭಾಕರರು. ಫೈಲಿಲ್ಲದಿರುವುದೆಂದರೆ ಬರಿಯ ಡೈರೆಕ್ಟರಿ, ನಡೆಯಿರಿ ಮುಂದೆ ಎಂದು ಇವರು. ಇವರನ್ನು ಖಂಡಿಸುವುದು ಕಷ್ಟ, ಏಕೆಂದರೆ ಹೆಚ್ಚಿನ ಸಲ ಇವರದೇ ಸರಿ. ಹತ್ತು ಅತ್ಯಂತಾಭಾವಗಳನ್ನು ದಾಟಿದ ಅಭ್ಯಾಸದಲ್ಲಿ ಹನ್ನೊಂದನೆಯ ದಫ್ತರಧ್ವಂಸವನ್ನೂ ದಾಟಿಬಿಡುತ್ತಾರೆ ಎಂಬುದೊಂದೇ ದೋಷ.

ಪ್ರಮಾಣ

ಅಭಾವವನ್ನು ಅರಿಯುವುದು ಹೇಗೆ? ಭಾಟ್ಟ ಮೀಮಾಂಸಕರು ಅನುಪಲಬ್ಧಿ ಎಂಬ ಬೇರೆ ಪ್ರಮಾಣವನ್ನೇ ಒಪ್ಪುತ್ತಾರೆ. ನೈಯಾಯಿಕರು ಪ್ರತ್ಯಕ್ಷದಲ್ಲೇ ಮುಗಿಸುತ್ತಾರೆ. ಗಣಕದಲ್ಲಿ ಪ್ರತ್ಯಕ್ಷ ‘ಎಲ್‌ಎಸ್’. ಶಬ್ದಪ್ರಮಾಣ ದಫ್ತರ: ಫೈಲು ಯಾರದೆಂದು ಕೇಳಲು ‘ಡಿಪಿಕೆಜಿ -ಎಸ್’, ‘ಆರ್‌ಪಿಎಂ -ಕ್ಯೂಎಫ್’, ‘ಪ್ಯಾಕ್‌ಮನ್ -ಕ್ಯೂಒ’. ಇನ್ನೂ ಹಾಕದ ಪ್ಯಾಕೇಜಿನಲ್ಲಿದೆಯೇ ಎಂದು ಕೇಳಲು ‘ಆಪ್ಟ್-ಫೈಲ್’, ‘ಡಿಎನ್‌ಎಫ್ ಪ್ರೊವೈಡ್ಸ್’, ‘ಪ್ಯಾಕ್‌ಮನ್ -ಎಫ್’. ಯಾರೂ ದೂರದೆ ಮೌನವಾಗಿ ಕಳೆದವುಗಳಿಗೆ ‘ಡಿಪಿಕೆಜಿ --ವೆರಿಫೈ’, ‘ಆರ್‌ಪಿಎಂ -ವಿಎ’, ‘ಪ್ಯಾಕ್‌ಮನ್ -ಕ್ಯೂಕೆಕೆ’. ಇವು ದಫ್ತರವನ್ನೂ ಡಿಸ್ಕನ್ನೂ ಸಾಲುಸಾಲಾಗಿ ತಾಳೆ ನೋಡುತ್ತವೆ. ಅನುಮಾನಪ್ರಮಾಣ ಲಾಗು: ‘/ವಾರ್/ಲಾಗ್/ಆಪ್ಟ್’ನಲ್ಲಿರುವ ‘ಟರ್ಮ್.ಲಾಗ್’ ಪರದೆಯ ಮೇಲೆ ಓಡಿಹೋದದ್ದನ್ನು ಇಟ್ಟುಕೊಂಡಿರುತ್ತದೆ. ಕಾಫಿಗೆ ಹೋದ ಅನಧಿಕಾರಿಗಳಿಗೂ ಇದೊಂದು ಬಾಗಿಲು ತೆರೆದೇ ಇದೆ.

ಇಷ್ಟರಿಂದ ಸಿದ್ಧಾಂತ: ಫೈಲನ್ನು ಹುಡುಕುವ ಮುನ್ನ ಅದು ಇರಬೇಕೆಂದವರನ್ನು ಹುಡುಕಬೇಕು. ಪಟ್ಟಿ ಸರಿ, ಡಿಸ್ಕು ತಪ್ಪಾದರೆ ಫೈಲು ತರಬೇಕು. ಡಿಸ್ಕು ಸರಿ, ಪಟ್ಟಿ ಹಳತಾದರೆ ಪಟ್ಟಿ ತಿದ್ದಬೇಕು. ಎರಡೂ ಸರಿಯಿದ್ದು ಪಟ್ಟಿ ನಮ್ಮ ಗಣಕದ್ದಲ್ಲವಾದರೆ ಸುಮ್ಮನಿರಬೇಕು. ನಾಲ್ಕನೆಯ ಕರ್ಮವಿಲ್ಲ.

ಫಲಶ್ರುತಿ

ಈ ಪ್ರಕರಣವನ್ನು ಅಪ್‌ಡೇಟಿಗೆ ಮುನ್ನ ಒಮ್ಮೆ ಓದಿದವರಿಗೆ ಹಳದಿ ಸಾಲುಗಳ ಭಯ ಪರಿಹಾರವಾಗುತ್ತದೆ, ಕೆಂಪು ಸಾಲುಗಳ ಭಯ ಯಥೋಚಿತವಾಗಿ ಉಳಿಯುತ್ತದೆ. ವಕ್ತೃವಿನ ಹೆಸರು ಓದುವ ಅಭ್ಯಾಸವಾದವರಿಗೆ ನೆರೆಹೊರೆಯವರ ಗಣಕಗಳೂ ಚಿಕಿತ್ಸೆಗೆ ಬರುತ್ತವೆ. ಇದು ಫಲವೋ ಶಾಪವೋ ಎಂಬುದರಲ್ಲಿ ಭಾಷ್ಯಕಾರರಿಗೆ ಒಮ್ಮತವಿಲ್ಲ. ಶ್ರದ್ಧೆಯಿಂದ ಎಲ್ಲ ಪ್ರಾಯಶ್ಚಿತ್ತ ಮುಗಿಸಿ ಕೊನೆಗೆ ‘ಆಪ್ಟ್ ಅಪ್‌ಗ್ರೇಡ್’ ಒತ್ತಿದವರಿಗೆ ಲೆಕ್ಕದ ಸಾಲೊಂದು ದರ್ಶನವಾಗುತ್ತದೆ: ಅಪ್‌ಗ್ರೇಡ್ ಆಗಬೇಕಾದವು 0, ಹೊಸದಾಗಿ ಹಾಕಬೇಕಾದವು 0, ತೆಗೆಯಬೇಕಾದವು 0, ಬಾಕಿ ಉಳಿದವು 0. ನಾಲ್ಕು ಅಭಾವಗಳಿಗೆ ನಾಲ್ಕು ಸೊನ್ನೆ. ಮೋಕ್ಷವೆಂದರೆ ಆನಂದವಲ್ಲ, ದುಃಖದ ಪೂರ್ಣ ನಿವೃತ್ತಿಯಷ್ಟೇ ಎಂದು ನೈಯಾಯಿಕರು ಹೇಳಿದಾಗ ಲೋಕ ನಕ್ಕಿತ್ತು. ಈ ಸಾಲನ್ನು ಕಂಡವರು ನಗುವುದಿಲ್ಲ. ನಾಳೆ ಬೆಳಗ್ಗೆ ಹೊಸ ಕರ್ನಲ್ ಬಿಡುಗಡೆಯಾಗುವ ತನಕ ಆ ಮೋಕ್ಷ ನಿತ್ಯ.